ಕೋಳಿ ಕಲ್ಲು ನುಂಗಿದ್ದು ಯಾಕೆ

ಲೋಕ ಹುಟ್ಟಿ ಇನ್ನೂ ಬಹಳ ದಿನ ಆಗಿರಲಿಲ್ಲ. ಬೆಟ್ಟಗಳ ಮೈ ಹಸಿ ಹಸಿಯಾಗಿತ್ತು. ಹೊಳೆ ದಾರಿ ಗೊತ್ತಾಗದೆ ಸಿಕ್ಕ ಸಿಕ್ಕವರನ್ನೆಲ್ಲ ಕೇಳಿಕೊಂಡು ಹರಿಯುತ್ತಿತ್ತು. ಆ ಕಾಲದಲ್ಲಿ ಇಡೀ ಲೋಕಕ್ಕೆ ಇದ್ದದ್ದು ಒಂದೇ ಒಂದು ಬೀಸುವ ಕಲ್ಲು. ಅದು ಚೌಡಜ್ಜಿಯ ಜಗಲಿಯಲ್ಲಿತ್ತು.

ಲೋಕಕ್ಕೆಲ್ಲ ಒಂದೇ ಕಲ್ಲು ಅಂದಮೇಲೆ ಅಜ್ಜಿಯ ಪಾಡು ಕೇಳಬೇಕೆ?

ಪ್ರಾಣಿಗಳಿಗೆ ಆಗ ಹಲ್ಲು ಇರಲಿಲ್ಲ ಅಂತಲ್ಲ. ಇದ್ದವು. ಆದರೆ ಹಲ್ಲು ಇರೋದು ನಗೋದಕ್ಕೆ ಅಂತ ಎಲ್ಲರೂ ತಿಳಿದಿದ್ದರು. ತಿನ್ನುವ ವಸ್ತು ಏನೇ ಇರಲಿ, ಅಜ್ಜಿಯ ಕಲ್ಲಿಗೆ ಹಾಕಿಸೋದು, ಪುಡಿ ಮಾಡಿಸೋದು, ನೆಕ್ಕಿಕೊಂಡು ಮನೆಗೆ ಹೋಗೋದು. ಬೆಳಗಿನಿಂದ ಬೈಗಿನವರೆಗೆ ಗರಗರ, ಗರಗರ. ಕಲ್ಲಿನ ಮುಂದೆ ಕೂತವಳು ಬಂದವರಿಗೆ ಇಲ್ಲ ಅನ್ನಬಾರದು ಅಂತ ಅಜ್ಜಿಯ ಅತ್ತೆ ಹೇಳಿಹೋಗಿದ್ದಳು. ಅವಳಿಗೇನು, ಹೇಳಿದಳು, ಹೋದಳು. ತೋಳು ಬಿದ್ದುಹೋಗುವ ಹಾಗೆ ಬೀಸೋಳು ಯಾರು?

ಅವತ್ತು ಮಾತ್ರ ಅಜ್ಜಿಗೆ ಯಾರಿಗೂ ಬೀಸಿಕೊಡುವಷ್ಟು ವ್ಯವಧಾನ ಇರಲಿಲ್ಲ. ಮಗಳು ಸಣ್ಣಕ್ಕನಿಗೆ ನಾಲ್ಕು ದಿನದಿಂದ ಜ್ವರ. ಎದೆಹಾಲು ಬತ್ತಿಹೋಗಿತ್ತು. ಏಳು ತಿಂಗಳ ಮೊಮ್ಮಗ ತೊಟ್ಟಿಲಲ್ಲಿ ಹಸಿದು ಅಳುತ್ತಿದ್ದ. ಅವನಿಗೆ ರಾಗಿ ಸರಿ ಮಾಡಿ ತಿನ್ನಿಸಬೇಕು. ಅಜ್ಜಿ ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು ಮೊರದಲ್ಲಿ ಇಟ್ಟುಕೊಂಡಿದ್ದಳು. ನುಣ್ಣಗೆ ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ, ಬೆಲ್ಲ ಹಾಕಿ ಕುದಿಸಿದರೆ ಆಯಿತು. ಆದರೆ ಬಲು ನುಣ್ಣಗಿರಬೇಕು. ಒಂದು ಚೂರು ತರಿ ಉಳಿದರೂ ಎಳೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಅಜ್ಜಿ ಕಲ್ಲಿನ ಗೂಟಕ್ಕೆ ಕೈ ಹಾಕಿದಳೋ ಇಲ್ಲವೋ, ಹಸು ಬಂದು ನಿಂತಿತು.

"ಅಜ್ಜೀ, ಒಂದು ಹೊರೆ ಹುಲ್ಲಿದೆ. ಬೇಗ ಬೀಸಿಕೊಡು."

"ನನ್ನ ಮೊಮ್ಮಗ ಹಸಿದಿದ್ದಾನೆ ತಾಯಿ. ಆಮೇಲೆ ಬಾ."

"ಕಲ್ಲಿನ ಮುಂದೆ ಕೂತು ಇಲ್ಲ ಅಂತೀಯಾ?" ಅಂದಿತು ಹಸು. ಅಂದದ್ದೇ ತಡ, ಅಜ್ಜಿಗೆ ಅತ್ತೆಯ ಮುಖ ನೆನಪಾಯಿತು. ಹಲ್ಲು ಕಚ್ಚೋಣ ಅಂದರೆ ಅವಳ ಬಾಯಲ್ಲಿ ಹಲ್ಲೂ ಇರಲಿಲ್ಲ. ಹಸಿ ಹುಲ್ಲನ್ನು ಕಲ್ಲಿನ ಬಾಯಿಗೆ ತುರುಕಿ ತಿರುಗಿಸಿದಳು. ಹುಲ್ಲು ಹಿಟ್ಟಾಗುತ್ತದೆಯೇ? ಲೊಳಲೊಳ ಅಂತ ಹಸಿರು ಅಂಟಾಗಿ ಕಲ್ಲಿಗೆ ಮೆತ್ತಿಕೊಂಡಿತು.

ಅದನ್ನು ತೊಳೆಯುವ ಮೊದಲೇ ನಾಯಿ ಹಾಜರು. ಬಾಯಲ್ಲಿ ಒಂದು ಮೊಳ ಉದ್ದದ ಮೂಳೆ.

"ಅಜ್ಜೀ, ಇದೊಂದು..."

"ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದರಂತೆ! ಕಣ್ಣು ಕಾಣೋದಿಲ್ಲವೇನೋ ನಿನಗೆ?"

"ಕಾಣುತ್ತೆ ಅಜ್ಜಿ. ಹಸಿವೂ ಆಗುತ್ತೆ," ಅಂತ ನಾಯಿ ಬಾಲ ಆಡಿಸಿತು. ಮೂಳೆ ಹಾಕಿ ತಿರುಗಿಸಿದರೆ ಕಟಕಟ, ಕಟಕಟ. ಇಷ್ಟು ದಿನ ಮೂಳೆ ತಿಂದು ತಿಂದು ಸವೆದಿದ್ದ ಕಲ್ಲು ಅವತ್ತು ಪೂರಾ ನುಣುಪಾಗಿಹೋಯಿತು.

ಗಾಳಿ ಒಳಗಿನಿಂದ ಓಡಿಬಂತು. "ಅಜ್ಜೀ, ಅಜ್ಜೀ, ಮಗು ಅಳ್ತಾ ಇದೆ!"

"ನನಗೆ ಕಿವಿ ಇಲ್ಲವಾ? ಸುದ್ದಿ ಹೇಳೋಕೆ ಬಂದುಬಿಟ್ಟ ದೊಡ್ಡ ಮನುಷ್ಯ. ಹೋಗಿ ತೊಟ್ಟಿಲು ತೂಗು, ಹೋಗು!"

ಗಾಳಿ ಮುಖ ಸಣ್ಣ ಮಾಡಿಕೊಂಡು ತೂಗೋಕೆ ಹೋಯಿತು.

ಅಜ್ಜಿ ಕಲ್ಲು ತೊಳೆದಳು, ಒರೆಸಿದಳು, ಬಿಸಿಲಿಗೆ ಒಣಗಿಸಿದಳು. ರಾಗಿ ಹಾಕಿ ತಿರುಗಿಸಿದಳು. ಮೇಲೆ ಹಾಕಿದ ರಾಗಿ ಕೆಳಗೆ ಇಡಿ ಇಡಿಯಾಗಿಯೇ ಉದುರಿತು. ಇನ್ನೊಂದು ಸಲ ಹಾಕಿದಳು. ಇನ್ನೊಂದು ಸಲ ಇಡಿಯಾಗಿಯೇ ಉದುರಿತು. ಒಳಗೆ ಮಗುವಿನ ಅಳು ಸಣ್ಣಗಾಗುತ್ತಾ ಬಂತು. ಅಳೋದಕ್ಕೂ ಶಕ್ತಿ ಇಲ್ಲದ ಅಳು ಅದು.

"ಊರಿಗೆ ಉಪಕಾರಿ, ಮನೆಗೆ ಮಾರಿ! ನಾನೇ ಆ ಮಾರಿ!" ಅಂತ ಹಣೆ ಚಚ್ಚಿಕೊಂಡಳು. ಆಮೇಲೆ ಎದ್ದು ಸೆರಗು ಬಿಗಿದಳು. ಆ ಸಿಟ್ಟಿಗೆ ಹರಿಯುವ ಹೊಳೆಯೂ ಒಂದು ಗಳಿಗೆ ನಿಂತುಬಿಟ್ಟಿತಂತೆ.

"ಏ ಹಸುವೇ, ಬಾ ಇಲ್ಲಿ! ಹುಲ್ಲು ಬೀಸೋ ಪದಾರ್ಥ ಅಲ್ಲ, ನೆನೆಸಿ ರುಬ್ಬೋ ಪದಾರ್ಥ. ಹೊಟ್ಟೆಗೆ ಹಾಕಿ ನೆನೆಸು. ನೆರಳಲ್ಲಿ ಮಲಗಿ ಮತ್ತೆ ಬಾಯಿಗೆ ತಂದುಕೊಂಡು ನಿಧಾನವಾಗಿ ರುಬ್ಬು. ನಿನಗೇನು ಗಡಿಬಿಡಿ? ಲೋ ನಾಯಿ, ಮೂಳೆ ಕಚ್ಚಿ ಒಡೆಯೋದು ಕಣೋ! ಅಷ್ಟು ಚೂಪಾದ ಕೋರೆಹಲ್ಲು ಇಟ್ಟುಕೊಂಡು ನನ್ನ ಕಲ್ಲು ಸವೆಸಿದೆಯಲ್ಲೋ! ಒಂದೊಂದಕ್ಕೆ ಒಂದೊಂದು ದಾರಿ ಇದೆ. ಎಲ್ಲಾದಕ್ಕೂ ಚೌಡಜ್ಜಿ ಒಬ್ಬಳೇ ಅಲ್ಲ!"

ಹಸು ಹೆದರಿ ಮರದಡಿ ಮಲಗಿ ಮೆಲ್ಲಗೆ ದವಡೆ ಆಡಿಸಿತು. ನಾಯಿ ಮೂಲೆ ಸೇರಿ ಮೂಳೆ ಕಡಿಯಿತು. ಇಬ್ಬರಿಗೂ ಇದೇ ರುಚಿ ಅನ್ನಿಸಿತು.

ಅಜ್ಜಿ ಉಳಿ, ಸುತ್ತಿಗೆ ತಂದು ಸವೆದ ಕಲ್ಲು ಮತ್ತೆ ಒರಟಾಗಲಿ ಅಂತ ಕಚ್ಚು ಹೊಡೆಯಲು ಕೂತಳು. ಟಕ್ ಟಕ್ ಟಕ್. ಕಲ್ಲಿನ ಚೂರು ಜಗಲಿ ತುಂಬಾ ಸಿಡಿಯಿತು. ಅಷ್ಟರಲ್ಲಿ ಕೋಳಿ ಬಂತು.

"ಅಜ್ಜೀ, ನನ್ನದು ಒಂದೇ ಹಿಡಿ ನವಣೆ..."

"ಅಯ್ಯೋ ನನ್ನ ಕರ್ಮವೇ! ನೀನೂ ಅಗಿದು ತಿನ್ನು, ಹೋಗೇ!"

"ನನಗೆ ಹಲ್ಲೇ ಇಲ್ಲವಲ್ಲಜ್ಜಿ," ಅಂತ ಕೋಳಿ ಕೊಕ್ಕು ತೆರೆದು ತೋರಿಸಿತು.

ಬೊಚ್ಚುಬಾಯಿಯ ಕಷ್ಟ ಅಜ್ಜಿಗೆ ಗೊತ್ತಿಲ್ಲದ್ದೇ? ಆದರೆ ಕೈ ನಿಲ್ಲಿಸಲಿಲ್ಲ. ಟಕ್ ಟಕ್ ಟಕ್.

ಕೋಳಿಗೂ ರೇಗಿತು. "ಹಾಗಾದರೆ ಕಲ್ಲೇ ನುಂಗಲಾ?" ಅಂತ ನವಣೆಯ ಜತೆಗೆ ಜಗಲಿಯ ಕಲ್ಲುಚೂರನ್ನೂ ಟಕಟಕ ನುಂಗಿಬಿಟ್ಟಿತು. ಒಂದು ಗಳಿಗೆ ಹೊಟ್ಟೆ ಹಿಡಿದು ನಿಂತಿತು. ಹೊಟ್ಟೆಯೊಳಗಿಂದ ಸದ್ದು ಬಂತು. ಗರಗರ, ಗರಗರ.

"ಅಜ್ಜೀ! ನನ್ನೊಳಗೇ ಬೀಸುತ್ತಾ ಇದೆ!"

"ಬೀಸಲಿ ಬಿಡು! ಇನ್ನೊಂದಷ್ಟು ನುಂಗು. ರಾಗಿಗೆ ಒಂದು ಚೂರೂ ಸೇರಬಾರದು!"

ಕೋಳಿ ಜಗಲಿ, ಅಂಗಳ ಎಲ್ಲ ಹೆಕ್ಕಿ ಚೊಕ್ಕ ಮಾಡಿತು. ಅಜ್ಜಿ ಮೊದಲು ಎರಡು ಹಿಡಿ ಹೊಟ್ಟು ಬೀಸಿ ಕಲ್ಲಿನ ಪುಡಿ ತೆಗೆದು, ಚೆನ್ನಾಗಿ ಒರೆಸಿ, ಆಮೇಲೆ ರಾಗಿ ಹಾಕಿದಳು. ವಿಭೂತಿಯಂಥ ಹಿಟ್ಟು ಉದುರಿತು. ಸೋಸಿ, ಬೆಲ್ಲ ಹಾಕಿ ಕುದಿಸಿ, ಆರಿಸಿ, ಮಗುವಿನ ಬಾಯಿಗೆ ಬೆರಳಲ್ಲಿ ಇಟ್ಟಳು. ಮಗು ಚಪ್ಪರಿಸಿತು. ಬಟ್ಟಲು ಖಾಲಿಯಾಗುವವರೆಗೂ ಅಜ್ಜಿಯ ಬೆರಳು ಬಿಡಲಿಲ್ಲ. ಜ್ವರದಲ್ಲಿ ಮಲಗಿದ್ದ ಸಣ್ಣಕ್ಕ ಅದನ್ನು ನೋಡಿ ಅತ್ತಳು. ಅಜ್ಜಿಯೂ ಅತ್ತಳು. ಅಳುತ್ತಲೇ ಬೈದಳು, "ಸಾಕಪ್ಪಾ ಸಾಕು, ಈ ಲೋಕದ ಸಹವಾಸ!"

ಅದಕ್ಕೇ ಮಗೂ, ಹಿತ್ತಲಲ್ಲಿ ಕೋಳಿ ಕಾಳಿನ ಜತೆ ಸಣ್ಣ ಕಲ್ಲು ಹೆಕ್ಕೋದು ಕಂಡರೆ ಪೆದ್ದು ಕೋಳಿ ಅಂತ ಓಡಿಸಬೇಡ, ಅದು ತನ್ನ ಹಿಟ್ಟನ್ನು ತಾನೇ ಬೀಸಿಕೊಳ್ಳುತ್ತಿದೆ, ಯಾರ ಮನೆಯ ಹಸಿದ ಮಗುವನ್ನೂ ಕಾಯಿಸದೆ.