ಓಬಳಪ್ಪನ ಒದೆತ

ಮೇಲಿನಹಟ್ಟಿಗೂ ಕೆಳಗಿನಹಟ್ಟಿಗೂ ನಡುವೆ ಒಂದು ಕೆರೆ. ಬೇಸಿಗೆಯಲ್ಲಿ ಅದು ಬತ್ತಿದಾಗ ಕೆರೆಯಂಗಳದಲ್ಲಿ ಎರಡೂ ಊರಿನವರು ಚೆಂಡಾಟ ಆಡುತ್ತಿದ್ದರು. ಗೆದ್ದ ಊರಿಗೆ ಕೆರೆಯ ತಳದ ಫಲವತ್ತಾದ ಕಪ್ಪು ಗೋಡುಮಣ್ಣು, ಸೋತವರಿಗೆ ಅಂಚಿನ ಮರಳು. ಗೋಡು ಬಿದ್ದ ಹೊಲದಲ್ಲಿ ರಾಗಿ ಎದೆಮಟ್ಟ ಬೆಳೆಯುತ್ತಿತ್ತು. ಹಾಗಾಗಿ ಅದು ಬರೀ ಆಟವಲ್ಲ, ಇಡೀ ವರ್ಷದ ಊಟ.

ಒಂದು ಊರಿನವರು ತಮ್ಮ ಗೆರೆಯಿಂದ ಚೆಂಡನ್ನು ಒದೆಯಬೇಕು. ಅದು ಬಿದ್ದಲ್ಲಿಂದ ಇನ್ನೊಂದು ಊರಿನವರು ಎತ್ತಿಕೊಂಡು ಓಡಿಬಂದು, ಒದ್ದವರ ಗೆರೆ ದಾಟಬೇಕು. ದಾಟಿದರೆ ಒಂದು ಅಂಕ. ನಡುವೆ ಒದ್ದವರು ಅವರನ್ನು ಹಿಡಿದುಬಿಟ್ಟರೆ ಏನೂ ಇಲ್ಲ. ಆಮೇಲೆ ಒದೆಯುವ ಸರದಿ ಓಡಿಬಂದವರದು.

ಮೇಲಿನಹಟ್ಟಿ ತಂಡಕ್ಕೆ ದ್ಯಾವಣ್ಣ ಯಜಮಾನ. ಹಿಡಿಯುವವರು, ಓಡುವವರು ಎಲ್ಲ ಗಟ್ಟಿಮುಟ್ಟಾದ ಹುರಿಯಾಳುಗಳೇ. ಒದೆಯುವುದಕ್ಕೆ ಮಾತ್ರ ಕುಂಬಾರ ಓಬಳಪ್ಪ. ಚಿಕ್ಕಂದಿನಿಂದ ಮಣ್ಣು ತುಳಿದು ಗಟ್ಟಿಯಾದ ಕಾಲು ಅವನದು. ಸರದಿ ಬಂದಾಗ ಎದ್ದು ಬಂದು ಒದೆಯುತ್ತಿದ್ದ, ಮತ್ತೆ ಹೋಗಿ ಹುಣಸೆಮರದ ಕೆಳಗೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಓಡು ಅಂದರೆ ಆಮೆಯೇ ವಾಸಿ.

ಆಟಕ್ಕೆ ಮುಂಚೆ ಆಟಗಾರರಿಗೆ ಊರಿನ ವತಿಯಿಂದ ತಿಂಗಳಿಡೀ ತುಪ್ಪದ ಊಟ. ಆ ವರ್ಷ ಪಂಕ್ತಿಯಲ್ಲೇ ಗೊಣಗಾಟ ಎದ್ದಿತು.

"ಒಂದ್ ಒದೆತಕ್ಕೆ ತಿಂಗ್ಳೆಲ್ಲಾ ತುಪ್ಪಾನಾ, ದ್ಯಾವಣ್ಣ? ಬೆವರು ಸುರ್ಸೋರು ನಾವು" ಎಂದ ಕೆಂಚಮಲ್ಲ. ಎದುರಾಳಿಗಳನ್ನು ಹಿಡಿಯುವುದರಲ್ಲಿ ಅವನೇ ಗಟ್ಟಿಗ. ಉಳಿದವರೂ ತಲೆದೂಗಿದರು.

ದ್ಯಾವಣ್ಣನಿಗೂ ಹೌದಲ್ಲ ಅನ್ನಿಸಿತು. ಅಷ್ಟು ಜನರ ಬಾಯಿ ಮುಂದೆ ಒಬ್ಬನ ಕಾಲು ಯಾವ ಲೆಕ್ಕ! ಓಬಳಪ್ಪನ ಜಾಗಕ್ಕೆ ಇನ್ನೊಬ್ಬ ಓಟಗಾರನನ್ನು ತಂದ.

"ಆಗ್ಲಿ ಬಿಡಣ್ಣ, ನನಗೂ ಮಡಕೆ ಸುಡೋಕೆ ಆವಿಗೆ ಹಾಕೋ ಕೆಲ್ಸ ಐತೆ" ಎಂದು ಓಬಳಪ್ಪ ಎಲೆ ಮಡಿಸಿ ಎದ್ದುಹೋದ.

ಆಟದ ದಿನ ಕೆಂಚಮಲ್ಲನೇ ಒದ್ದ. ಚೆಂಡು ಅಂಗಳದ ನಡುವೆಯೇ ಬಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗಿನಹಟ್ಟಿಯವರು ಗೆರೆ ದಾಟಿದರು. ಮುಂದಿನ ಸರದಿಯಲ್ಲಿ ಮತ್ತೊಮ್ಮೆ ಒದ್ದ, ಮತ್ತೊಮ್ಮೆ ದಾಟಿದರು. ಹುರಿಯಾಳುಗಳ ಕೈಗೆ ಗಾಳಿ ಸಿಕ್ಕಿತೇ ಹೊರತು ಆಳು ಸಿಗಲಿಲ್ಲ.

ಗೆರೆ ದಾಟಿ ಬಂದ ಎದುರಾಳಿಯೊಬ್ಬ ನಗುತ್ತಾ ಹೇಳಿದ: "ಇವತ್ತು ದಮ್ಮೇ ಹತ್ಲಿಲ್ಲ, ಮಾವ! ವರ್ಷಾ ವರ್ಷಾ ನಿಮ್ಮ ಗೆರೆ ಹತ್ರ ಬರೋ ಹೊತ್ಗೆ ಕಣ್ಣು ಕತ್ಲೆ ಬರ್ತಿತ್ತು."

ದ್ಯಾವಣ್ಣನಿಗೆ ಆಗ ಹೊಳೆಯಿತು. ಇಷ್ಟು ವರ್ಷ ತನ್ನ ಹುರಿಯಾಳುಗಳು ಹಿಡಿದದ್ದು ದಣಿದವರನ್ನು! ಚೆಂಡನ್ನು ದೂರ ದೂರಕ್ಕೆ ಒದ್ದು ಅವರನ್ನು ದಣಿಸಿದವನು ಮರದ ಕೆಳಗೆ ಎಲೆಅಡಿಕೆ ಜಗಿಯುತ್ತಾ ಕೂತಿದ್ದ!

ಆಟವನ್ನು ಕೆಂಚಮಲ್ಲನಿಗೆ ಬಿಟ್ಟು ದ್ಯಾವಣ್ಣ ಕುಂಬಾರರ ಕೇರಿಗೆ ಓಡಿದ. ಓಬಳಪ್ಪ ಮೊಣಕಾಲುದ್ದ ಮಣ್ಣಿನಲ್ಲಿದ್ದ.

"ತಪ್ಪಾತು ಓಬಳಪ್ಪ, ಬಾ."

"ಕಾಲು ತೊಳ್ಕಂಡು ಬತ್ತೀನಿ, ತಡಿಯಣ್ಣ."

ದ್ಯಾವಣ್ಣ ತಾನೇ ಚೆಂಬು ಎತ್ತಿದ. ಮನೆಗೆ ಬಂದ ಬೀಗರ ಕಾಲಿಗೆ ನೀರು ಕೊಡುವ ಹಾಗೆ ಆ ಮಣ್ಣಿನ ಕಾಲುಗಳಿಗೆ ನೀರು ಹೊಯ್ದ.

ಓಬಳಪ್ಪ ಬಂದು ಗೆರೆಯ ಮೇಲೆ ನಿಂತಾಗ ಕೆರೆ ಏರಿಯ ಮೇಲಿದ್ದ ಜನ ಕತ್ತು ಚಾಚಿದರು. ಢಬ್! ಚೆಂಡು ಎದ್ದಿತು. ಎಲ್ಲರ ತಲೆಯ ಮೇಲೆ, ಹುಣಸೆಮರಕ್ಕಿಂತ ಎತ್ತರಕ್ಕೆ ಏರಿ ಬಿಸಿಲಿನಲ್ಲಿ ಕಾಣದಂತಾಯಿತು. ಎಷ್ಟು ಹೊತ್ತಾದರೂ ಇಳಿಯಲೇ ಇಲ್ಲ. ಕೆಳಗಿನಹಟ್ಟಿಯವರು ಮುಖ ಮೇಲೆತ್ತಿ ಹಿಂದಕ್ಕೆ, ಇನ್ನೂ ಹಿಂದಕ್ಕೆ ಓಡಿದರು. ಕೊನೆಗೆ ಅದು ದೂರದ ಏರಿಯ ಬುಡದಲ್ಲಿ ಬಿತ್ತು. ವರ್ಷಗಟ್ಟಲೆ ಪಕ್ಕದಲ್ಲೇ ನಿಂತಿದ್ದರೂ ಆ ಒದೆತವನ್ನು ದ್ಯಾವಣ್ಣ ನಿಜವಾಗಿ ನೋಡಿದ್ದು ಅಂದೇ.

ಅಲ್ಲಿಂದಾಚೆಗೆ ಒಬ್ಬ ಎದುರಾಳಿಯೂ ಗೆರೆ ದಾಟಲಿಲ್ಲ. ಮೇಲಿನಹಟ್ಟಿಯವರು ಒಂದೊಂದೇ ಅಂಕ ಗಳಿಸುತ್ತಾ ಬಂದರು. ಆದರೆ ಮೊದಲು ಬಿಟ್ಟುಕೊಟ್ಟಿದ್ದು ಹೆಚ್ಚಾಗಿತ್ತು. ಹೊತ್ತು ಮುಳುಗಿದಾಗ ಒಂದೇ ಒಂದು ಅಂಕದಿಂದ ಸೋತರು. ಕಪ್ಪು ಗೋಡು ತುಂಬಿದ ಗಾಡಿಗಳು ಕೆಳಗಿನಹಟ್ಟಿಗೆ ಹೋಗುವುದನ್ನು ಊರೆಲ್ಲ ನಿಂತು ನೋಡಿತು.

ಮರುವರ್ಷ ಪಂಕ್ತಿ ಕೂತಾಗ ತುಪ್ಪದ ಗಿಂಡಿ ಹಿಡಿದವನು ಕೆಂಚಮಲ್ಲ. ಅವನು ಎಲ್ಲರನ್ನೂ ದಾಟಿ ಮೊದಲು ಓಬಳಪ್ಪನ ಎಲೆಯ ಮುಂದೆ ಬಗ್ಗಿದ.

"ಸಾಕು, ಸಾಕು" ಎಂದ ಓಬಳಪ್ಪ.

"ಸುಮ್ನೆ ಉಣ್ಣಣ್ಣ" ಎಂದು ಕೆಂಚಮಲ್ಲ ಇನ್ನೂ ಸುರಿದ.

ನೀತಿ: ಗೆರೆ ದಾಟಿದವನು, ಎದುರಾಳಿಯನ್ನು ಹಿಡಿದವನು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಅವರ ಕೆಲಸವನ್ನು ಮೊದಲೇ ಹಗುರ ಮಾಡಿಕೊಟ್ಟವನು ಕಾಣುವುದಿಲ್ಲ. ಅವನನ್ನು ಕಳೆದುಕೊಂಡ ಮೇಲೆ ಗುರುತಿಸುವ ಬದಲು, ಜೊತೆಯಲ್ಲಿ ಇರುವಾಗಲೇ ಗುರುತಿಸಿ.