ಮಾತು ತಡೆಯದ ಹಾರ್ಡ್ ಡಿಸ್ಕ್

ಹೆಂಡತಿ ಸರ್ವಮಂಗಳ ತೀರಿಕೊಂಡ ಮೇಲೆ, ನಿವೃತ್ತ ಅಂಚೆ ಗುಮಾಸ್ತ ಚನ್ನಬಸಯ್ಯ ಅವಳ ವಿಡಿಯೋಗಳನ್ನು ಒಬ್ಬರೇ ಕೂತು ಎಡಿಟ್ ಮಾಡತೊಡಗಿದರು. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ, ಹಾರ್ಡ್ ಡಿಸ್ಕ್ ಕೊಳ್ಳಲು ಅದನ್ನು ಹಿಡಿದುಕೊಂಡೇ ಹರಿಹರದ ಅಂಗಡಿಯೊಂದಕ್ಕೆ ಹೋದರು.

ಅಂಗಡಿಯವನು ಬಹುದಿನದಿಂದ ಉಳಿದಿದ್ದ ದಪ್ಪ ಡಿಸ್ಕೊಂದನ್ನು ಮುಂದಿಟ್ಟ. "ಇದೇ ತಗೊಳ್ಳಿ ಯಜಮಾನ್ರೆ. ಸ್ಪೀಡು ಗೀಡು ನಿಮಗೆ ತಿಳಿಯಲ್ಲ."

"ನನಗೆ ತಿಳಿಯಲ್ಲಪ್ಪ. ಇವಳನ್ನೇ ಕೇಳೋಣ," ಎಂದು ಚನ್ನಬಸಯ್ಯ ಒಂದು ವಿಡಿಯೋವನ್ನು ಅದಕ್ಕೆ ಹಾಕಿಸಿ ಓಡಿಸಿದರು. ತೆರೆಯ ಮೇಲೆ ಸರ್ವಮಂಗಳ ಮಾತಿನ ನಡುನಡುವೆ ತಡೆದು ನಿಂತಳು.

"ವಿಡಿಯೋನೇ ಹಾಗಿರಬೇಕು," ಎಂದ ಅಂಗಡಿಯವನು.

"ನಲವತ್ತು ವರ್ಷ ಸಂಸಾರ ಮಾಡಿದ್ದೀನಪ್ಪ. ಇವಳು ಮಾತು ಅರ್ಧಕ್ಕೆ ನಿಲ್ಲಿಸಿದವಳೇ ಅಲ್ಲ."

ಅಂಗಡಿಯವನು ಪೆಚ್ಚಾಗಿ ನಕ್ಕು, ಒಳಗಿನಿಂದ ತೆಳ್ಳನೆಯ, ವೇಗದ ಎಸ್‌ಎಸ್‌ಡಿ ಡಿಸ್ಕ್ ತಂದು ಜೋಡಿಸಿದ. ಈ ಸಲ ಮಾತು ಎಲ್ಲೂ ತಡೆಯಲಿಲ್ಲ. "ಊಟಕ್ಕೆ ಬರ್ತೀರೋ ಇಲ್ವೋ?" ಎಂದಳು ಸರ್ವಮಂಗಳ.

"ಬಂದೆ ಕಣೇ," ಎಂದುಬಿಟ್ಟರು ಚನ್ನಬಸಯ್ಯ.

ಅಂಗಡಿಯಲ್ಲಿ ಯಾರೂ ನಗಲಿಲ್ಲ.