ಅರವತ್ತೆರಡು ಕಿಲೋ ಈರಭದ್ರ

ಹೂಂಗುಟ್ಟೋರು ಗಟ್ಟಿಯಾಗಿ ಹೂಂಗುಟ್ಟಿ, ನಗೋರು ಕೊನೇವರೆಗೂ ತಡ್ಕೊಳ್ಳಿ. ಕುಣಿಗಲ್ ರಸ್ತೆಯ ಒಂದೂರಲ್ಲಿ ಸಾಕಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಈರಭದ್ರ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಕಷ್ಟ ಇದ್ದದ್ದೇ ಅಲ್ಲಿ! ಪಕ್ಕದೂರಿನ ಹಾಲಪ್ಪನವರು ತಮ್ಮ ಮಗಳು ಶಿವಲೀಲಾಳನ್ನು ಕೊಡ್ತೀವಿ ಅಂದಿದ್ದರು, ಆದರೆ ಹುಡುಗ ಒಂದು ಕೆಲಸದಲ್ಲಿ ನಿಂತರೆ ಮಾತ್ರ. ಅವನೋ ಆಗಲೇ ಮೂರು ಕೆಲಸ ಕಳಕೊಂಡಿದ್ದ. ನಾಲ್ಕನೇದು ಜಯಶೀಲಾ ಮೇಡಂ ಅವರ ಕರೆಂಟು ಸಾಮಾನಿನ ವರ್ಕ್‌ಶಾಪು.

"ಮಗನೇ, ಇದೇ ಕೊನೆ! ಹೇಳಿದ ಕೆಲಸ ಅರ್ಧಕ್ಕೆ ಬಿಡಬೇಡ!"

"ಬಿಡಲ್ಲ ಕಣವ್ವ!"

ಮೊದಲ ದಿನ ಮೇಡಂ ತಾಮ್ರದ ತಂತಿಯ ಒಂದು ಸುರುಳಿ ಕೊಟ್ಟು, "ಇದನ್ನ ಅಳೆದಿಡು" ಅಂದರು. ಈರಭದ್ರ ಟೇಪು ತಂದ. ಬಿಚ್ಚಿದ, ಅಳೆದ. ಬಿಚ್ಚಿದ, ಅಳೆದ. ಸಂಜೆಗೆ ವರ್ಕ್‌ಶಾಪಿನ ತುಂಬ ತಂತಿ, ತಂತಿಯ ನಡುವೆ ಈರಭದ್ರ.

"ಮುನ್ನೂರ ಹನ್ನೆರಡು ಅಡಿ, ಮೇಡಂ! ಅರ್ಧಕ್ಕೆ ಬಿಡಲೇ ಇಲ್ಲ!"

"ಅಯ್ಯೋ ಮಹಾನುಭಾವ! ಉದ್ದ ಅಲ್ಲಯ್ಯ, ಇಂಡಕ್ಟೆನ್ಸ್! ಸುರುಳಿ ಕರೆಂಟನ್ನ ಬೇಗ ಬರಗೊಡಲ್ಲ, ಬಂದದ್ದನ್ನ ಬೇಗ ಹೋಗಗೊಡಲ್ಲ. ಆ ಹಠ ಎಷ್ಟು ಅಂತ ಈ ಮೀಟರ್ ಹೇಳುತ್ತೆ. ಬಿಚ್ಚಬಾರದು! ಹೇಗಿದೆಯೋ ಹಾಗೇ ಇಟ್ಟು ಅಳೆ!"

"ಸರಿ ಮೇಡಂ!"

ಮರುದಿನ ಮೇಜಿನ ಮೇಲಿದ್ದ ಸುರುಳಿಯಲ್ಲಿ ಕರೆಂಟು ಹರೀತಿತ್ತು. ಹೇಗಿತ್ತೋ ಹಾಗೇ ಇಟ್ಟು ಈರಭದ್ರ ಮೀಟರ್ ಹಚ್ಚಿದ. ಚಟ್! ಮೀಟರಿನಿಂದ ಹೊಗೆ ಎದ್ದಿತು.

"ಅಯ್ಯೋ ಮಹಾನುಭಾವ! ಅಳೆಯೋ ಮುಂಚೆ ಕರೆಂಟ್ ತೆಗೀಬೇಕು!"

"ಸರಿ ಮೇಡಂ!"

ಮಾರನೇ ಬೆಳಿಗ್ಗೆ ಸಾಕಮ್ಮ ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಾ, "ಎರಡು ಪಾವು ಅಕ್ಕಿ ಅಳೆದು ಹಾಕೋ" ಅಂದಳು. ಮಗ ಓಡಿಹೋಗಿ ಫ್ಯೂಸು ಕಿತ್ತ. ಮಿಕ್ಸಿ ನಿಂತಿತು. ಏನಾಯ್ತೋ ಅಂತ ಅವಳು ಮುಚ್ಚಳ ತೆಗೆದು ನೋಡುವಾಗಲೇ ಅಳೆದು ಮುಗಿಸಿ ಫ್ಯೂಸು ಹಾಕಿದ. ಚಟ್ನಿಯೆಲ್ಲ ಅವಳ ಮುಖಕ್ಕೆ!

"ನನ್ನ ಹಣೆಬರಹವೇ! ಅಳೆಯೋ ಮುಂಚೆ ಅದು ಏನು, ಯಾತಕ್ಕೆ ಅಂತ ಕೇಳಿ ತಿಳ್ಕೊಳೋ!"

"ಸರಿ ಕಣವ್ವ!"

ವರ್ಕ್‌ಶಾಪಿಗೆ ಹೋದವನೇ ಕೇಳಿದ. "ಮೇಡಂ, ಈ ಪೆಟ್ಟಿಗೆ ಏನು? ಯಾತಕ್ಕೆ?"

ಮೇಡಂಗೆ ಖುಷಿಯಾಯಿತು. "ಇದು ಮೋಟರ್ ಬದಲಿಗೆ ಇಡೋದು. ಮೋಟರ್ ಚಾಲೂ ಮಾಡೋ ಸ್ಟಾರ್ಟರ್ ಬೋರ್ಡ್ ಪರೀಕ್ಷೆ ಮಾಡೋಕೆ ಪ್ರತಿ ಸಲ ಮೋಟರ್ ಹೊತ್ತು ತರೋಕಾಗುತ್ತಾ? ಮೋಟರಿನಷ್ಟೇ ಇಂಡಕ್ಟೆನ್ಸ್ ಇರೋ ಸುರುಳಿ ಒಳಗಿಡ್ತೀವಿ. ಆ ಚಿಕ್ಕದು ಸೊಲೆನಾಯ್ಡ್ ಬದಲಿಗೆ, ಅಂದ್ರೆ ನೀರಿನ ವಾಲ್ವನ್ನ ತೆಗೆದು ಮುಚ್ಚೋ ಸುರುಳಿ. ಅಳತೆ ಸಮ ಬಂದ್ರೆ ಬೋರ್ಡಿಗೆ ವ್ಯತ್ಯಾಸವೇ ಗೊತ್ತಾಗಲ್ಲ."

"ಅಳತೆ ಸಮ ಬಂದ್ರೆ ಸಾಕಾ?"

"ಸಾಕು! ಅಳೆದು ಮೇಲೊಂದು ಚೀಟಿ ಅಂಟಿಸು."

ಅವತ್ತು ನೋಡಬೇಕಿತ್ತು ನಮ್ಮ ಈರಭದ್ರನ್ನ! ಬಿಚ್ಚಲಿಲ್ಲ. ಕರೆಂಟ್ ತೆಗೆದ. ಅಳೆದ. ಚೀಟಿ ಅಂಟಿಸಿದ. ಒಂದೂ ತಪ್ಪಿಲ್ಲ!

"ಶಭಾಷ್! ಶನಿವಾರ ಪೆಟ್ಟಿಗೆಗಳು ಲಾರಿಗೆ ಹೋಗಬೇಕು. ಅವತ್ತು ಬರದಿದ್ರೆ ಕೆಲಸ ಇಲ್ಲ!" ಅಂದರು ಮೇಡಂ.

ಮನೆಗೆ ಬಂದರೆ ಸಾಕಮ್ಮ, "ಶನಿವಾರ ಹಾಲಪ್ಪನೋರು ಮನೆ ನೋಡೋಕೆ ಬರ್ತಾರೆ. ನೀನು ಕುರ್ಚೀಲಿ ಇರದಿದ್ರೆ ಹುಡುಗಿ ಇಲ್ಲ!" ಅಂದಳು.

"ಮಾತಾಡಬೇಕಾ ಅವ್ವ?"

"ಬಾಯಿ ಬಿಟ್ಟೀಯೆ! ಸುಮ್ನೆ ಕೂತ್ರೆ ಸಾಕು."

ಶನಿವಾರ ಸಾಕಮ್ಮ ಒಳಗೆ ಉಪ್ಪಿಟ್ಟು ಕೆದಕುತ್ತಿದ್ದಳು. ನೆಂಟರು ಬಂದು ನಡುಮನೆಯಲ್ಲಿ ಕೂತರು. ಯಾಕೋ ಕರೆಂಟು ಇರಲಿಲ್ಲ, ಮಬ್ಬುಗತ್ತಲೆ. ಕುರ್ಚಿಯಲ್ಲಿ ಹೊಸ ಪಂಚೆ, ಹೊಸ ಅಂಗಿ, ಮೇಲೊಂದು ಪೇಟ. ಕಣ್ಣು ಮಂಜಾದ ಹಾಲಪ್ಪನವರು ಬೆಳೆ, ಮಳೆ ಎಲ್ಲ ಮಾತಾಡಿದರು. "ಎಂಥ ಗಂಭೀರ ಹುಡುಗ! ಒಂದು ಮಾತಿಗೂ ಅಡ್ಡ ಬರಲಿಲ್ಲ!" ಅಂದರು.

ಹಠ ಹಿಡಿದು ಜೊತೆಗೆ ಬಂದಿದ್ದ ಶಿವಲೀಲಾ ಮಾತ್ರ ಹತ್ತಿರ ಹೋಗಿ ಪೇಟ ಎತ್ತಿದಳು. ಅಕ್ಕಿ ಮೂಟೆ! ಮೇಲೊಂದು ಚೀಟಿ: "ಈರಭದ್ರ. ಅರವತ್ತೆರಡು ಕಿಲೋ. ಸಮ ಇದೆ. ಬಿಚ್ಚಬಾರದು."

ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಸಾಕಮ್ಮ ಅಲ್ಲೇ ಕುಸಿದಳು. "ಮೂಟೆ ಕೂರಿಸಿ ಕೆಲಸಕ್ಕೆ ಓಡಿದ್ದಾನೆ! ಹೋಯ್ತು! ಇದೂ ಹೋಯ್ತು!" ಅಂತ ಗೋಳೋ ಅಂತ ಅತ್ತಳು. ಪಾಪ, ಎಷ್ಟು ಆಸೆ ಇಟ್ಟುಕೊಂಡಿದ್ದಳೋ.

ಶಿವಲೀಲಾಗೆ ನಕ್ಕೂ ನಕ್ಕೂ ಪಕ್ಕೆ ಹಿಡೀತು. "ಅಳಬೇಡಿ ಅತ್ತೆ. ಕೆಲಸವೂ ತಪ್ಪಬಾರದು, ನಾನೂ ತಪ್ಪಬಾರದು ಅಂತ ಇಷ್ಟು ಒದ್ದಾಡಿದ್ದಾರಲ್ಲ! ನನಗೆ ಒಪ್ಪಿಗೆ."

ಮದುವೆ ದಿನ ಬಂತು. ತಾಳಿ ಕಟ್ಟೋ ಹೊತ್ತಿಗೆ ನೋಡಿದರೆ ಹಸೆಮಣೆ ಮೇಲೆ ಬಾಸಿಂಗ ಕಟ್ಟಿದ ಅದೇ ಮೂಟೆ! ಈರಭದ್ರ ಅಕ್ಷತೆ ಹಿಡಿದು ಜನರ ನಡುವೆ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದ.

"ಲೋ, ಇದೇನೋ!" ಅಂತ ಸಾಕಮ್ಮ ಕೂಗಿದಳು.

"ಅವಳು ನೋಡಿದ್ದು ಅವನನ್ನ ಕಣವ್ವ, ಒಪ್ಪಿದ್ದೂ ಅವನನ್ನ! ಮಧ್ಯೆ ನಾನ್ಯಾರು?"

ಶಿವಲೀಲಾ ಎದ್ದು ಮೂಟೆಯ ಹುರಿಗೆ ಕೈ ಹಾಕಿದಳು.

"ಬಿಚ್ಚಬಾರದು!" ಅಂತ ಈರಭದ್ರ ಅರಚಿದ.

ಅವಳು ಬಿಚ್ಚೇಬಿಟ್ಟಳು. ಅಕ್ಕಿ ಅಡುಗೆಯವರಿಗೆ ಕಳಿಸಿ, ಗಂಡಿನ ಕೈ ಹಿಡಿದು ಎಳೆದು, "ಈಗ ಕೂತ್ಕೊಳ್ಳಿ" ಅಂದಳು. ತಾಳಿ ಕಟ್ಟಿಸಿಕೊಂಡಳು.

ಊರೆಲ್ಲ ಹೊಟ್ಟೆ ತುಂಬ ಉಂಡಿತು. ಈರಭದ್ರ ಒಬ್ಬ ಎಲೆ ಮುಂದೆ ಕೈ ಕಟ್ಟಿ ಕೂತಿದ್ದ.

"ಯಾಕೋ ಮಗನೇ, ಅನ್ನ ಉಣ್ಣೋ!"

"ಹೇಗೆ ಉಣ್ಲಿ ಅವ್ವ? ಇದು ನಾನೇ ಅಲ್ವಾ!"